ಇಗರ್ಜಿಯ ಬಾಗಿಲಲ್ಲಿ ಬಿಟ್ಟ ಬೂಟು

ಹಳೆಯಂಗಡಿಯ ರೋಹಿದಾಸ ತನ್ನ ಮೂವತ್ತೆಂಟು ವರ್ಷಗಳ ಬಾಳಿನಲ್ಲಿ ಯುರೋಪು ಕಂಡದ್ದು ಒಂದೇ ಸಲ, ನಾಲ್ಕು ದಿನ. ಆ ನಾಲ್ಕು ದಿನಗಳಲ್ಲಿ ಏಳುನೂರು ವರ್ಷ ಹಳೆಯದಾದ ಒಂದು ಮಹಾ ಇಗರ್ಜಿಯ, ಎಂದರೆ ದೊಡ್ಡ ಚರ್ಚಿನ, ಒಳಗೆ ಇದ್ದದ್ದು ಒಂಬತ್ತು ನಿಮಿಷ. ಆ ಒಂಬತ್ತು ನಿಮಿಷವೂ ಅವನು ನೋಡುತ್ತಿದ್ದದ್ದು ಬಾಗಿಲನ್ನು.

ಕುವೈತಿನ ಅಹ್ಮದಿಯಲ್ಲಿ, ತೈಲ ಬಾವಿಗಳಿಗೆ ಬಿಡಿಭಾಗ ಒದಗಿಸುವ ಒಂದು ಗುತ್ತಿಗೆ ಸಂಸ್ಥೆಯಲ್ಲಿ ಅವನು ಸ್ಟೋರ್‌ಕೀಪರ್. ವಾಲ್ವು, ಗ್ಯಾಸ್ಕೆಟ್, ಬೋಲ್ಟು, ನಟ್ಟು, ಎಲ್ಲಕ್ಕೂ ಒಂದೊಂದು ಚೀಟಿ, ಚೀಟಿಗೊಂದು ಸಹಿ. ಹನ್ನೊಂದು ವರ್ಷಗಳಲ್ಲಿ ಒಂದು ವಾಷರ್ ಕೂಡ ಸಹಿಯಿಲ್ಲದೆ ಅವನ ಕಟಕಟೆ ದಾಟಿದ್ದಿಲ್ಲ. ತುಕ್ಕು ಹಿಡಿದ ಪೈಪಿನಿಂದ ನಟ್ಟು ಬಿಚ್ಚಬಹುದು, ರೋಹಿದಾಸನ ಕೈಯಿಂದ ಬಿಚ್ಚಲಾಗದು ಎಂದು ಇಂಜಿನಿಯರುಗಳು ನಗುತ್ತಿದ್ದರು. ಕಣ್ಣೆದುರು ಇಲ್ಲದ ವಸ್ತು ಕಳೆದುಹೋಯಿತೆಂದೇ ಅವನ ಮನಸ್ಸು ಹೇಳುತ್ತಿತ್ತು. ಸ್ಟೋರಿನಲ್ಲಿ ಇದು ಗುಣ. ಇಗರ್ಜಿಯಲ್ಲಿ ಏನೆಂಬುದು ಆಮೇಲೆ ತಿಳಿಯಿತು.

ಅವನ ಬಿಡಾರ ಅಬು ಹಲೀಫಾದ ಕಡಲ ಬದಿಯ ಒಂದು ಕಟ್ಟಡದ ಮೂರನೇ ಮಹಡಿ. ಒಂದೇ ಕೋಣೆ, ಎರಡು ಮಂಚ. ಇನ್ನೊಂದು ಮಂಚ ಮಂಗಳೂರಿನ ಕುಲಶೇಖರದ ಪಾಯಸರದು. ಅದೇ ಸಂಸ್ಥೆಯ ಮೆಸ್ಸಿನಲ್ಲಿ ಅಡುಗೆಯವರು, ಐವತ್ತೆರಡು ವರ್ಷ, ಅದರಲ್ಲಿ ಇಪ್ಪತ್ತೆರಡು ಕುವೈತಿನ ಬೆಂಕಿಯ ಮುಂದೆ. ಹೆಸರಿನಲ್ಲಿದ್ದ ಸಿಹಿ ಸಾಲದೆ ರಕ್ತದಲ್ಲೂ ಸಕ್ಕರೆ ಸೇರಿತ್ತು. ಡಾಕ್ಟರು ಪಾಯಸ ಬಿಡಬೇಕು ಎಂದಾಗ, "ಹೆಸರನ್ನೇ ಬಿಡಬೇಕಾ ಡಾಕ್ಟ್ರೇ?" ಎಂದು ಕೇಳಿ ಬಂದವರು. ಒಬ್ಬನದು ತುಳು, ಇನ್ನೊಬ್ಬರದು ಕೊಂಕಣಿ. ಜಗಳ ಮಾತ್ರ ತುಳುವಿನಲ್ಲಿ. ಉಳಿದ ಮಾತೆಲ್ಲ ಕನ್ನಡದಲ್ಲಿ, ಏಕೆಂದರೆ ಇಬ್ಬರೂ ಪೆಟ್ಟು ತಿಂದದ್ದು ಕನ್ನಡ ಶಾಲೆಯಲ್ಲಿ. ಊರಿನಲ್ಲಿ ಕ್ರಿಶ್ಚಿಯನ್ ಹಿರಿಯರನ್ನು ಕರೆಯುವ ಹಾಗೆ ರೋಹಿದಾಸ ಅವರನ್ನು 'ಪೊರ್ಬುಗಳೇ' ಎಂದು ಕರೆಯುತ್ತಿದ್ದ. ಅವರಿಗೆ ಇವನು ರೋಹಿ.

ತೊಂಬತ್ತರ ಜೂನ್ ತಿಂಗಳು. ಪಶ್ಚಿಮ ಜರ್ಮನಿಯ ಕೊಲೋನ್ ಸಮೀಪದ ಕಾರ್ಖಾನೆಯಲ್ಲಿ ಸಂಸ್ಥೆ ತರಿಸುವ ಪಂಪುಗಳು ತಯಾರಾಗಿದ್ದವು. ಡಬ್ಬಕ್ಕೆ ತುಂಬುವ ಮೊದಲು ಬಿಡಿಭಾಗಗಳನ್ನು ಎಣಿಸಿ ನೋಡಲು ಹೋಗಬೇಕಿದ್ದ ಇಂಜಿನಿಯರನ ಹೆಂಡತಿಗೆ ಹೆರಿಗೆಯ ದಿನ ಹತ್ತಿರ ಬಂತು. ಎಣಿಸುವುದರಲ್ಲಿ ರೋಹಿದಾಸನನ್ನು ಮೀರಿದವರು ಯಾರು? ಹೀಗೆ ಬೇರೆಯವರ ಮನೆಯ ತೊಟ್ಟಿಲು ತೂಗಿ ನಮ್ಮ ರೋಹಿದಾಸನ ವಿಮಾನ ಹಾರಿತು.

ಹೊರಡುವ ಹಿಂದಿನ ದಿನ ಬೂಟಿನ ಪ್ರಶ್ನೆ ಬಂತು. ಅವನಲ್ಲಿದ್ದದ್ದು ಮುಂಭಾಗಕ್ಕೆ ಉಕ್ಕು ಹಾಕಿದ ಸೇಫ್ಟಿ ಬೂಟು. ಅದನ್ನು ಹಾಕಿ ನಡೆದರೆ ಗುಜರಿ ಗಾಡಿ ಬಂದ ಹಾಗೆ ಸದ್ದು. ಪಾಯಸರು ಮಂಚದಡಿಯಿಂದ ಒಂದು ಪೆಟ್ಟಿಗೆ ಎಳೆದರು. ಕಂದು ಬಣ್ಣದ ಚರ್ಮದ ಬೂಟು, ಮಂಗಳೂರಿನ ಹಂಪನಕಟ್ಟೆಯಲ್ಲಿ ಅಳತೆ ಕೊಟ್ಟು ತಮ್ಮ ಮದುವೆಗೆ ಹೊಲಿಸಿದ್ದು. ವರ್ಷಕ್ಕೆ ಎರಡೇ ಸಲ, ಕ್ರಿಸ್ಮಸ್ ಮತ್ತು ಈಸ್ಟರಿಗೆ, ಅದು ಬೆಳಕು ಕಾಣುತ್ತಿತ್ತು.

"ಒಂದು ನಂಬ್ರ ದೊಡ್ಡದಾದೀತು. ತುದಿಗೆ ಹತ್ತಿ ತುರುಕು," ಎಂದರು ಪಾಯಸರು. "ನೀನು ಹೋಗುವ ಊರಿನ ಹೆಸರು ಎಂತ ಹೇಳಿದ್ದು?"

"ಕೊಲೋನ್, ಪೊರ್ಬುಗಳೇ. ಸೆಂಟಿನ ಊರು."

"ಸೆಂಟಿನದ್ದಲ್ಲ ಮಾರಾಯ, ಸೈಂಟಿನ ಊರು! ಮೂರು ರಾಯರು ಮಲಗಿರುವುದು ಅಲ್ಲಿ."

ಬಾಲಯೇಸುವನ್ನು ಕಾಣಲು ನಕ್ಷತ್ರದ ಬೆನ್ನು ಹಿಡಿದು ಪೂರ್ವದಿಂದ ಹೊರಟ ಮೂವರು ರಾಯರ ಕತೆ ರೋಹಿದಾಸನಿಗೂ ಗೊತ್ತಿತ್ತು. ಆ ಮೂವರ ಅಸ್ಥಿ ಕೊಲೋನಿನ ದೊಡ್ಡ ಇಗರ್ಜಿಯಲ್ಲಿ, ಬಂಗಾರದ ಪೆಟ್ಟಿಗೆಯೊಳಗೆ ಇದೆಯೆಂಬುದು ಭಕ್ತರ ನಂಬಿಕೆ. ಪಾಯಸರ ಮಟ್ಟಿಗೆ ಗಲ್ಫಿಗೆ ಹೋದವರಿಗೆ ಅವರಿಗಿಂತ ಹತ್ತಿರದ ಸಂತರಿರಲಿಲ್ಲ.

"ನೋಡು, ಪೂರ್ವದಿಂದ ಹೊರಟವರು, ಮರಳುಗಾಡು ದಾಟಿದವರು, ಬಂಗಾರದ ವ್ಯವಹಾರ. ನಾವೇ ಅಲ್ವಾ? ಅವರು ಬಂಗಾರ ಕೊಟ್ಟು ಬಂದರು, ನಾವು ತಕ್ಕೊಂಡು ಹೋಗ್ತೇವೆ, ಅಷ್ಟೇ ವ್ಯತ್ಯಾಸ. ಹೆರೋದ ರಾಜ ಹಿಡೀಲಿಕ್ಕೆ ಕಾದು ಕೂತಿದ್ದ. ಅವರು ಬೇರೆ ದಾರಿ ಹಿಡಿದು ಸುಖವಾಗಿ ಊರು ಸೇರಿದರು." ಅವರು ದಿಂಬಿನ ಅಡಿಯಿಂದ ಒಂದು ಬಿಳಿ ಕರ್ಚೀಫು ತೆಗೆದರು. ಮಗಳು ಸೂಸನ್ ಕಾನ್ವೆಂಟಿನ ಹೊಲಿಗೆ ಕ್ಲಾಸಿನಲ್ಲಿ ಅದರ ಮೂಲೆಗೆ ನೀಲಿ ನಕ್ಷತ್ರ ಹೊಲಿದಿದ್ದಳು. "ಡಿಸೆಂಬರಿಗೆ ಇಲ್ಲಿಯ ನನ್ನ ಕೆಲಸ ಖಲಾಸ್. ಒಳ್ಳೆದ್ರಲ್ಲಿ ಮನೆ ಮುಟ್ಟಬೇಕು, ಇಷ್ಟೇ ನನ್ನ ಹರಕೆ. ಆ ಪೆಟ್ಟಿಗೆಗೆ ಇದನ್ನು ಒಮ್ಮೆ ಮುಟ್ಟಿಸಿ ತಾ."

"ಗಾಜು ಅಡ್ಡ ಇದ್ರೆ?"

"ಗಾಜಿಗೆ ಮುಟ್ಟಿಸು. ಸಂತರಿಗೆ ಗಾಜು ಎಂತ ಅಡ್ಡಿ?"

"ನಾನು ಹಿಂದು. ನಡೀತದಾ?"

"ಆ ರಾಯರು ಹೊರಡುವಾಗ ಕ್ರಿಸ್ತನೇ ತೊಟ್ಟಿಲಲ್ಲಿದ್ದ. ಅವರು ಎಲ್ಲಿಯ ಕ್ರಿಶ್ಚಿಯನ್ನರು? ಹೋಗು, ಹೋಗು."

ನಾಲ್ಕನೇ ದಿನ ಎಣಿಕೆ ಮುಗಿಸಿ ರೋಹಿದಾಸ ಕಾರ್ಖಾನೆಯಿಂದ ಕೊಲೋನಿಗೆ ಬಂದಿಳಿದಾಗ, ವಿಮಾನ ನಿಲ್ದಾಣದ ರೈಲಿಗೆ ಇನ್ನೂ ಒಂದು ಗಂಟೆ ಇತ್ತು. ಇಗರ್ಜಿಯನ್ನು ಹುಡುಕುವ ಕೆಲಸವೇ ಇರಲಿಲ್ಲ. ಸ್ಟೇಷನ್ನಿನ ಬಾಗಿಲು ದಾಟಿದರೆ ಅದೇ ಎದುರಿಗೆ ಬಂದು ನಿಲ್ಲುತ್ತದೆ. ತಲೆಯೆತ್ತಿದ, ಗೋಪುರ ಮುಗಿಯಲಿಲ್ಲ. ಇನ್ನಷ್ಟು ಎತ್ತಿದ, ತಲೆಯ ಮೇಲಿನ ಟೊಪ್ಪಿ ಬಿತ್ತು. ಕಟ್ಟಿ ಮುಗಿಸಲು ಆರುನೂರ ಮೂವತ್ತೆರಡು ವರ್ಷ ಹಿಡಿಯಿತಂತೆ. ನಡುವೆ ಕೆಲಸ ನಿಂತು, ಭಾರ ಎತ್ತುವ ಕ್ರೇನು ಅರ್ಧ ಗೋಪುರದ ಮೇಲೆ ಶತಮಾನಗಟ್ಟಲೆ ಹಾಗೇ ನಿಂತಿತ್ತಂತೆ. ಕಾರ್ಖಾನೆಯವರು ಹೇಳಿದಾಗ ಅವನಿಗೆ ಅಹ್ಮದಿಯ ಗುತ್ತಿಗೆದಾರರ ಮೇಲೆ ಮೊದಲ ಸಲ ಸ್ವಲ್ಪ ಗೌರವ ಬಂದಿತ್ತು.

ಬಾಗಿಲಿಗೆ ಬಂದವನು ಒಂದು ಕಂಬದ ಬುಡದಲ್ಲಿ ಬಗ್ಗಿ ಬೂಟು ಬಿಚ್ಚಿದ.

ಯಾರೂ ಹೇಳಿರಲಿಲ್ಲ. ಆದರೆ ಅವನು ಐದನೇ ಕ್ಲಾಸಿನವರೆಗೆ ಓದಿದ್ದು ಸಿಸ್ಟರುಗಳ ಶಾಲೆಯಲ್ಲಿ. ಅಲ್ಲಿಯ ಪ್ರಾರ್ಥನಾ ಮಂದಿರದ ಕೆಂಪು ಸಿಮೆಂಟಿನ ನೆಲಕ್ಕೆ ಹೆಡ್‌ಮಿಸ್ಟ್ರೆಸ್ ಸಿಸ್ಟರು ಪ್ರತಿ ಶನಿವಾರ ಮೇಣ ತಿಕ್ಕಿಸುತ್ತಿದ್ದರು. ಮಕ್ಕಳ ಚಪ್ಪಲಿ ಹೊರಗೆ ಸಾಲಾಗಿ ನಿಲ್ಲಬೇಕು. ಒಳಗೆ ಮಣ್ಣಿನ ಗುರುತು ಬಿದ್ದರೆ ಬೆತ್ತ. ಸಿಸ್ಟರಿಗೆ ಅದು ಪಾಲಿಷಿನ ಪ್ರಶ್ನೆ. ರೋಹಿದಾಸ ಅದನ್ನು ಕ್ರೈಸ್ತ ಧರ್ಮದ ಕಟ್ಟಳೆಯೆಂದು ಮೂವತ್ತು ವರ್ಷ ಕಾಪಾಡಿಕೊಂಡು ಬಂದಿದ್ದ. ಊರಿನ ದೇವಸ್ಥಾನದಲ್ಲೂ ಹಾಗೆಯೇ ಇದ್ದುದರಿಂದ ಸಂಶಯಕ್ಕೆ ಎಡೆಯೇ ಬಂದಿರಲಿಲ್ಲ.

ಬೂಟು ಬಿಚ್ಚಿ ನಾಲ್ಕು ಹೆಜ್ಜೆ ಒಳಗೆ ಇಟ್ಟನೋ ಇಲ್ಲವೋ, ಅವನೊಳಗಿನ ಸ್ಟೋರ್‌ಕೀಪರ್ ಎಚ್ಚರಗೊಂಡ. ಹೊರಗೆ ಇದ್ದದ್ದು ಅದೊಂದೇ ಜೊತೆ. ಚೀಟಿಯಿಲ್ಲ, ಸಹಿಯಿಲ್ಲ, ಕಾಯುವವರಿಲ್ಲ. ಮೇಲಾಗಿ ತನ್ನದಲ್ಲ. ಮೆಟ್ಟಿಲ ಮೇಲೆ ಹಸಿರು ಬಣ್ಣದ ಕೂದಲಿನ ಒಬ್ಬ ಯುವಕ ನಾಯಿ ಕಟ್ಟಿಕೊಂಡು ಕೂತಿದ್ದ, ಅವನ ಕಾಲಿನ ಬೂಟು ಬಾಯಿ ತೆರೆದಿತ್ತು. ಪಾಯಸರ ಮದುವೆಯ ಬೂಟು ಅವನಿಗೆ ಸರಿಯಾಗಿ ಹೊಂದೀತು ಎಂದು ರೋಹಿದಾಸನ ಅನುಭವಸ್ಥ ಕಣ್ಣು ಆಗಲೇ ಅಳೆದುಬಿಟ್ಟಿತ್ತು.

ಹೀಗಾಗಿ ಅವನು ಬಾಗಿಲು ಕಾಣುವ ಜಾಗ ಬಿಟ್ಟು ಮುಂದಕ್ಕೆ ಹೋಗಲಿಲ್ಲ. ಕೊನೆಯ ಬೆಂಚಿನ ಹಿಂದೆ ಅಡ್ಡವಾಗಿ ನಿಂತ. ಎದುರಿಗೆ, ಬಹಳ ದೂರದಲ್ಲಿ, ಪೀಠದ ಹಿಂದೆ ಏನೋ ಹೊಳೆಯುತ್ತಿತ್ತು. ಅದೇ ಪೆಟ್ಟಿಗೆಯಿರಬೇಕು. ಇಪ್ಪತ್ತು ಹೆಜ್ಜೆ ಹೋದ, ಕಂಬವೊಂದು ಬಾಗಿಲಿಗೆ ಅಡ್ಡ ಬಂತು, ಇಪ್ಪತ್ತೂ ಹೆಜ್ಜೆ ವಾಪಸು ಬಂದ. ಎಲ್ಲಿಂದಲೋ ಆರ್ಗನ್ನಿನ ಸದ್ದು ಏಳುತ್ತಿತ್ತು. ಮೇಲೆ ಬಣ್ಣದ ಗಾಜು ಇದ್ದಿರಬೇಕು, ಏಕೆಂದರೆ ನೆಲದ ಮೇಲೆ ನೀಲಿ ಕೆಂಪು ಚೂರುಗಳು ಬಿದ್ದಿದ್ದವು. ಅವನು ಮೇಲೆ ನೋಡಲಿಲ್ಲ. ಒಂಬತ್ತನೇ ನಿಮಿಷಕ್ಕೆ ಹೊರಗೆ ನಾಯಿ ಬೊಗಳಿತು. ರೋಹಿದಾಸ ಓಡಿ ಹೊರಬಂದ.

ಬೂಟು ಇಟ್ಟಲ್ಲೇ ಇತ್ತು. ಬಲಗಾಲಿನ ಬೂಟಿನಲ್ಲಿ ಯಾರೋ ಪುಣ್ಯಾತ್ಮರು ಒಂದು ನಾಣ್ಯ ಹಾಕಿ ಹೋಗಿದ್ದರು.

ಆಗ ಅವನು ಮೊದಲ ಸಲ ಸುತ್ತಲೂ ನೋಡಿದ. ಬರುವವರು ಹೋಗುವವರು ಎಲ್ಲರ ಕಾಲಲ್ಲೂ ಬೂಟು. ಕೆಂಪು ನಿಲುವಂಗಿಯ ಕಾವಲಿನವರೊಬ್ಬರು ಬಾಗಿಲಲ್ಲಿ ನಿಂತು ಅವನ ಕಾಲುಚೀಲದ ತೂತಿನಿಂದ ಹೊರಗೆ ಇಣುಕಿದ್ದ ಹೆಬ್ಬೆರಳನ್ನು ನೋಡಿ ಮುಗುಳುನಕ್ಕರು. ಒಳ್ಳೆಯ ನಗೆಯೇ ಇರಬೇಕು. ಬೂಟು ಹಾಕಿಕೊಂಡು ಮತ್ತೆ ಒಳಗೆ ಹೋಗಲು ರೈಲಿಗೆ ಇನ್ನೂ ಮುಕ್ಕಾಲು ಗಂಟೆ ಸಮಯವಿತ್ತು. ಆದರೆ ಆ ನಗೆಯ ಎದುರಿನಿಂದ ದಾಟಿ ಹೋಗಬೇಕಿತ್ತು. ಅವನು ಹೋಗಲಿಲ್ಲ. ಅಂಗಡಿಯಲ್ಲಿ ಬಂಗಾರದ ಪೆಟ್ಟಿಗೆಯ ಚಿತ್ರವಿದ್ದ ಒಂದು ಪೋಸ್ಟ್‌ಕಾರ್ಡು ಕೊಂಡು, ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ಬ್ರೆಡ್ಡು ತಿನ್ನುತ್ತ ರೈಲು ಕಾದ. ಕರ್ಚೀಫು ಜೇಬಿನಲ್ಲಿ ಮಡಿಸಿದ ಮಡಿಕೆಯಲ್ಲೇ ಇತ್ತು.

ಮುಂದೆ ಜೀವಮಾನದಲ್ಲಿ ಎಷ್ಟೋ ಗಂಟೆಗಳನ್ನು ಅವನು ವ್ಯರ್ಥ ಮಾಡಿದ್ದಿರಬಹುದು. ಆದರೆ ಆ ಮುಕ್ಕಾಲು ಗಂಟೆ ಮಾತ್ರ ದಿನಾ ಬಂದು ಎದೆಯ ಮೇಲೆ ಕೂರುತ್ತಿತ್ತು.

ಅಬು ಹಲೀಫಾದ ಕೋಣೆಯ ಬಾಗಿಲು ತೆರೆದಾಗ ಪಾಯಸರು ಬೂಟಿನ ಕಡೆಗೆ ನೋಡಲೂ ಇಲ್ಲ. ಮೀನಿನ ಸಾರಿನ ಸೌಟು ಕೈಯಲ್ಲಿ ಹಿಡಿದೇ ಕೇಳಿದರು.

"ಮುಟ್ಟಿಸಿದ್ಯಾ?"

"ಮುಟ್ಟಿಸಿದೆ, ಪೊರ್ಬುಗಳೇ."

ಆ ಮಾತು ಅಷ್ಟು ಸಲೀಸಾಗಿ ಬಂತು. ಪಾಯಸರು ಕೈ ತೊಳೆದು, ಒರೆಸಿ, ಕರ್ಚೀಫು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ಸುಳ್ಳಿಗೆ ಗೋಡೆ ಬೇಕಾಯಿತು, ಗೋಡೆಗೆ ಮಾಡು ಬೇಕಾಯಿತು. ಶುಕ್ರವಾರ ರಜೆಯ ದಿನ ಅಹ್ಮದಿಯ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬರುವಾಗ ಪಾಯಸರು ಇಬ್ಬರು ಮೂವರನ್ನು ಕರೆತರುತ್ತಿದ್ದರು. "ಹೇಳು ರೋಹಿ, ಪೆಟ್ಟಿಗೆ ಹೇಗಿತ್ತು ಹೇಳು." ರೋಹಿದಾಸ ಪೋಸ್ಟ್‌ಕಾರ್ಡನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಹೇಳುತ್ತಿದ್ದ. ಮೊದಲ ಶುಕ್ರವಾರ ಕರ್ಚೀಫು ಒಂದು ಸಲ ಮುಟ್ಟಿತ್ತು. ಮೂರನೆಯ ಶುಕ್ರವಾರಕ್ಕೆ ಮೂರು ಸಲ, ರಾಯರಿಗೊಂದರಂತೆ. ಐದನೆಯದಕ್ಕೆ ಒಬ್ಬ ಮುದಿ ಪಾದ್ರಿ ತಾವೇ ಕೈಹಿಡಿದು ಒಳಗೆ ಕರೆದೊಯ್ದಿದ್ದರು. ಆರುನೂರು ವರ್ಷ ಹಿಡಿದ ಕಟ್ಟಡವನ್ನು ರೋಹಿದಾಸ ಐದು ಶುಕ್ರವಾರದಲ್ಲಿ ಕಟ್ಟಿ ಮುಗಿಸಿದ.

ಆರನೆಯ ಶುಕ್ರವಾರ ಆಗಸ್ಟ್ ಮೂರು. ಹಿಂದಿನ ದಿನವೇ ಇರಾಕಿನ ಟ್ಯಾಂಕುಗಳು ಬಂದಿದ್ದವು.

ಆಮೇಲಿನ ಐದಾರು ವಾರ ಆ ಮಹಡಿ ಬದುಕಿದ್ದು ಪಾಯಸರ ಸೌಟಿನಲ್ಲಿ. ಮೆಸ್ಸಿನಲ್ಲಿ ಉಳಿದ ಅಕ್ಕಿ, ಬೇಳೆ ಹೊತ್ತು ತಂದು ಅಕ್ಕಪಕ್ಕದವರಿಗೆಲ್ಲ ಬೇಯಿಸಿದರು. ಎದುರು ಮನೆಯಲ್ಲಿದ್ದವರು ಉಳ್ಳಾಲದ ಮೊಯ್ದಿನಬ್ಬ ಮತ್ತು ಅವರ ಹೆಂಡತಿ ಆಸಿಯಮ್ಮ. ಮೊಯ್ದಿನಬ್ಬ ಶುವೈಖಿನ ಒಂದು ಬಿಡಿಭಾಗದ ಅಂಗಡಿಯಲ್ಲಿ ಗುಮಾಸ್ತ. ಆಸಿಯಮ್ಮನಿಗೆ ಏಳು ತಿಂಗಳು.

ಒಂದು ಬೆಳಿಗ್ಗೆ ಪಾಯಸರು ಕತ್ತರಿ ತೆಗೆದು ಕರ್ಚೀಫನ್ನು ನಾಲ್ಕು ಮಾಡಿದರು. ಹರಕೆಯ ಬಟ್ಟೆ ಹರಕು ಬಟ್ಟೆಯಾಯಿತು. ನಕ್ಷತ್ರದ ತುಂಡು ತಮಗೆ, ಒಂದು ರೋಹಿದಾಸನಿಗೆ, ಎರಡು ಎದುರು ಮನೆಗೆ.

"ದಾರಿಗೆ ಇರಲಿ ಮೊಯ್ದಿನಬ್ಬ. ರಾಜನ ಕಣ್ಣು ತಪ್ಪಿಸಿ ಊರು ಸೇರಿದವರದ್ದು."

ಮೊಯ್ದಿನಬ್ಬ ಅದನ್ನು ಜೋಪಾನವಾಗಿ ಜೇಬಿಗಿಟ್ಟರು. "ಇರಲಿ ಪೊರ್ಬುಗಳೇ. ನಮ್ಮ ದುವಾ ಉಂಟು, ನಿಮ್ಮ ತುಂಡೂ ಉಂಟು. ಚೆಕ್‌ಪೋಸ್ಟಿನವನು ಯಾವುದಕ್ಕೆ ಕರಗ್ತಾನೆ ಯಾರಿಗೆ ಗೊತ್ತು? ಎರಡಕ್ಕೂ ಕರಗದಿದ್ರೆ ನನ್ನ ವಾಚು ಉಂಟು."

ಎಲ್ಲರೂ ನಕ್ಕರು. ರೋಹಿದಾಸ ತನ್ನ ತುಂಡನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದ. ಅದು ಏನನ್ನೂ ಮುಟ್ಟಿಲ್ಲ ಎಂದು ಹೇಳಲು ಅದು ಒಳ್ಳೆಯ ಹೊತ್ತು. ಆಸಿಯಮ್ಮ ಆಗಲೇ ತನ್ನ ತುಂಡನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದಳು.

ಸೆಪ್ಟೆಂಬರ್ ನಡುವಿನಲ್ಲಿ ಬಸ್ರಾ, ಬಾಗ್ದಾದ್ ದಾರಿಯಾಗಿ ಜೋರ್ಡಾನಿಗೆ ಒಂದು ಬಸ್ಸು ಹೊರಟಿತು. ರೋಹಿದಾಸನಿಗೆ ಒಂದು, ಪಾಯಸರಿಗೆ ಒಂದು, ಮೊಯ್ದಿನಬ್ಬರಿಗೆ ಒಂದು ಸೀಟು. ಆಸಿಯಮ್ಮ ನೆಂಟರ ಕಾರಿನಲ್ಲಿ ಆರಾಮವಾಗಿ ಹೋಗುವುದೆಂದಿತ್ತು. ಹಿಂದಿನ ದಿನ ಸಿಪಾಯಿಗಳು ಆ ಕಾರನ್ನು ಕಿತ್ತುಕೊಂಡರು. ಬಸ್ಸಿನಲ್ಲಿ ಇನ್ನೊಬ್ಬರಿಗೆ ನಿಲ್ಲಲೂ ಜಾಗವಿರಲಿಲ್ಲ.

"ನನ್ನದರಲ್ಲಿ ಆಸಿಯಮ್ಮ ಕೂರಲಿ," ಎಂದರು ಪಾಯಸರು, ಮೀನಿನ ತುಂಡು ಬಡಿಸಿದಷ್ಟು ಸರಳವಾಗಿ.

ಮೊಯ್ದಿನಬ್ಬ ಅವರ ಕೈ ಹಿಡಿದುಕೊಂಡರು. "ನಿಮ್ಮನ್ನು ಬಿಟ್ಟು ಹೇಗೆ ಮಾರ್ರೆ?"

"ಮುಂದಿನ ವಾರ ಇನ್ನೊಂದು ಬಸ್ಸು ಉಂಟಂತೆ. ನನಗೆಂತ ಹೆದರಿಕೆ? ಅಷ್ಟು ದೂರ ಹೋಗಿ ಮುಟ್ಟಿಸಿ ತಂದದ್ದು ಉಂಟಲ್ಲ." ಅವರು ಅಂಗಿಯ ಜೇಬು ತಟ್ಟಿದರು. "ಯಲ್ಲಾ, ಹತ್ತಿ, ಹತ್ತಿ."

ಬಸ್ಸಿನ ಮೆಟ್ಟಿಲ ಮೇಲೆ ನಿಂತ ರೋಹಿದಾಸನ ಗಂಟಲಲ್ಲಿ ಎರಡು ಮಾತು ಇದ್ದವು. 'ಆ ಬಟ್ಟೆ ಏನನ್ನೂ ಮುಟ್ಟಿಲ್ಲ' ಎಂಬುದು ಒಂದು. 'ನನ್ನ ಸೀಟು ತಕ್ಕೊಳ್ಳಿ' ಎಂಬುದು ಇನ್ನೊಂದು. ಮೊದಲನೆಯದನ್ನು ಹೇಳಿದರೆ ಎರಡನೆಯದನ್ನೂ ಹೇಳಲೇಬೇಕಾಗುತ್ತಿತ್ತು. ಅವನಿಗೆ ಹಳೆಯಂಗಡಿಯಲ್ಲಿ ರಾಜೀವಿ ಇದ್ದಳು, ಇಬ್ಬರು ಮಕ್ಕಳಿದ್ದರು. ಪಾಯಸರಿಗೂ ಹೆಂಡತಿ ಇದ್ದರು, ಸೂಸನ್ ಇದ್ದಳು. ಡ್ರೈವರ್ ಹಾರ್ನ್ ಒತ್ತಿದ. ಪಾಯಸರು ಹಬ್ಬಕ್ಕೆ ಬೀಳ್ಕೊಡುವವರ ಹಾಗೆ ಕೈಬೀಸಿದರು. ಎರಡು ಮಾತೂ ಗಂಟಲಲ್ಲೇ ಉಳಿದು ಅವನ ಜೊತೆ ಮಂಗಳೂರಿಗೆ ಬಂದವು.

ಊರಿನಲ್ಲಿ ಹತ್ತು ತಿಂಗಳು. ನವೆಂಬರಿನಲ್ಲಿ ಆಸಿಯಮ್ಮ ಹೆತ್ತಳು, ಹೆಣ್ಣು ಮಗು, ಆಯಿಶತ್ ಶಮೀಮಾ. ರೋಹಿದಾಸ ನೋಡಲು ಹೋದಾಗ ಆ ಚೂರು ಬಟ್ಟೆಯನ್ನು ತೊಟ್ಟಿಲ ಹಗ್ಗಕ್ಕೆ ಹೊಲಿದಿತ್ತು. "ನಮ್ಮನ್ನು ಊರು ಮುಟ್ಟಿಸಿದ್ದು ಪೊರ್ಬುಗಳ ಸೀಟು," ಎಂದಳು ಆಸಿಯಮ್ಮ, "ಮತ್ತೆ ನೀವು ತಂದದ್ದು." ಅವಳು ಕೊಟ್ಟ ಚಹಾ ಕುಡಿಯದೆ ಅವನು ಎದ್ದು ಬಂದ. ಕುಲಶೇಖರದಲ್ಲಿ ಸೂಸನ್, "ಅಂಕಲ್, ಆ ಇಗರ್ಜಿ ನಿಜವಾಗಿ ಅಷ್ಟು ಚಂದ ಉಂಟಾ? ಪಪ್ಪಾ ಕಾಗದದಲ್ಲಿ ನಾಲ್ಕು ಪುಟ ಬರೆದಿದ್ರು," ಎಂದಳು. ಅವನ ಸುಳ್ಳು ಅವನಿಗಿಂತ ಮೊದಲೇ ಊರು ಸೇರಿತ್ತು.

ಪಾಯಸರ ಸುದ್ದಿ ಬಂದದ್ದು ಯುದ್ಧ ಮುಗಿದ ಮೇಲೆ, ರೆಡ್ ಕ್ರಾಸಿನವರ ಮೂಲಕ, ಒಂದು ಸಾಲಿನಲ್ಲಿ: 'ಬಲಗಾಲು ಹೋಯಿತು, ಉಳಿದದ್ದೆಲ್ಲ ಕ್ಷೇಮ.'

ಬಸ್ಸು ಹೊರಟ ಮೂರನೇ ದಿನ ಅವರು ಮೆಸ್ಸಿನಲ್ಲಿ ಒಡೆದ ಕಿಟಕಿಯ ಗಾಜು ತುಳಿದಿದ್ದರು. ಸಣ್ಣ ಗಾಯ. ಮುಂದಿನ ಬಸ್ಸು ನಿಜವಾಗಿಯೂ ಬಂತು. ಆಗ ಕಾಲು ಬಾತು ನೆಲಕ್ಕೆ ಊರುವಂತಿರಲಿಲ್ಲ. ಸಕ್ಕರೆಯ ಔಷಧ ಸಿಗಲಿಲ್ಲ. ಡಿಸೆಂಬರಿನಲ್ಲಿ, ಅವರು ಊರಿಗೆ ಹೊರಡಬೇಕಿದ್ದ ತಿಂಗಳಲ್ಲಿ, ಡಾಕ್ಟರು ಜೀವ ಉಳಿಸಲು ಮೊಣಕಾಲಿನ ಕೆಳಗೆ ಕಾಲು ತೆಗೆದರು. ಆಮೇಲೆ ಸುಟ್ಟುಹೋದ ಸಂಸ್ಥೆಯ ಕಚೇರಿಯಲ್ಲಿ ಅವರ ಪಾಸ್‌ಪೋರ್ಟೂ ಸುಟ್ಟಿತ್ತು. ಹೊಸ ಕಾಗದ ಬರುವವರೆಗೆ ಕಟ್ಟಡದ ಕೆಳಗಿನ ದಿನಸಿ ಅಂಗಡಿಯ ಅಲಿಕುಂಞಿ ಅವರಿಗೆ ಬೇಕಾದ್ದನ್ನು ಮಹಡಿಗೆ ತಲುಪಿಸುತ್ತಿದ್ದರು.

ತೊಂಬತ್ತೊಂದರ ಆಗಸ್ಟಿನಲ್ಲಿ ಸಂಸ್ಥೆ ರೋಹಿದಾಸನನ್ನು ವಾಪಸು ಕರೆಯಿತು. ಬಾವಿಗಳು ಇನ್ನೂ ಉರಿಯುತ್ತಿದ್ದವು, ನಂದಿಸಿದ ಬಾವಿಗಳಿಗೆ ವಾಲ್ವು ಬೇಕಿತ್ತು. ಅವನು ಅಬು ಹಲೀಫಾ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಅಹ್ಮದಿಯ ಕಡೆಯಿಂದ ಬೀಸಿದ ಹೊಗೆಯ ಅಡಿಯಲ್ಲಿ ಕಾರುಗಳು ದೀಪ ಹಚ್ಚಿಕೊಂಡು ಹೋಗುತ್ತಿದ್ದವು. ಕಟ್ಟಡದ ಗೋಡೆ ಮಸಿ ಹಿಡಿದು ಕಪ್ಪಾಗಿತ್ತು. ಮೂರನೇ ಮಹಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಅವನು ಒಳಗೆ ಹೋದ.

ಪಾಯಸರು ಸ್ಟೂಲಿನ ಮೇಲೆ ಕೂತು ಒಲೆಯ ಮುಂದೆ ಈರುಳ್ಳಿ ಕೊಚ್ಚುತ್ತಿದ್ದರು. ಊರುಗೋಲು ಗೋಡೆಗೆ ಒರಗಿತ್ತು.

"ಬಂದ್ಯಾ? ದಪ್ಪ ಆಗಿದ್ದಿ. ರಾಜೀವಿ ಚಂದ ಸಾಕಿದ್ದಾಳೆ." ಅವರು ಚೂರಿಯಿಂದ ಮಂಚದ ಕಡೆ ತೋರಿಸಿದರು. "ಅಡಿಯಲ್ಲಿ ಬೂಟು ಉಂಟು, ತಕ್ಕೊ. ಎರಡಕ್ಕೂ ಪಾಲಿಷ್ ಹಾಕಿದ್ದೇನೆ. ನನಗೆ ಒಂದರಲ್ಲಿ ಹಬ್ಬ ಮುಗೀತದೆ. ಜೊತೆ ಬೇರೆ ಮಾಡುವುದು ಬೇಡ. ಇಗರ್ಜಿಗೆ ಹೋಗಿ ಬಂದ ಬೂಟು."

"ಅದು ಇಗರ್ಜಿಯೊಳಗೆ ಹೋಗಲಿಲ್ಲ, ಪೊರ್ಬುಗಳೇ," ಎಂದ ರೋಹಿದಾಸ.

ಒಂದು ವರ್ಷ ಎರಡು ತಿಂಗಳು ಗಂಟಲಲ್ಲಿದ್ದ ಮಾತು ಹೀಗೆ ಬೂಟಿನ ಬಾಯಿಂದ ಹೊರಬಿತ್ತು. ಆಮೇಲೆ ಉಳಿದದ್ದೂ ಬಂತು: ಸಿಸ್ಟರ ಕೆಂಪು ನೆಲ, ಹಸಿರು ಕೂದಲು, ನಾಯಿ, ನಾಣ್ಯ, ಪೋಸ್ಟ್‌ಕಾರ್ಡು, ಸ್ಟೇಷನ್ನಿನ ಬೆಂಚು, ಬ್ರೆಡ್ಡು. ಬಸ್ಸಿನ ಮೆಟ್ಟಿಲೂ.

ಪಾಯಸರು ಈರುಳ್ಳಿ ಕೊಚ್ಚುವುದನ್ನು ನಿಲ್ಲಿಸಲಿಲ್ಲ. ಒಂದು ಮುಗಿಯಿತು, ಇನ್ನೊಂದು ತೆಗೆದುಕೊಂಡರು. ಅಷ್ಟು ಈರುಳ್ಳಿ ಇಬ್ಬರ ಅಡುಗೆಗೆ ಬೇಕಾಗಿರಲಿಲ್ಲ.

"ಮುಕ್ಕಾಲು ಗಂಟೆ ಇತ್ತಾ?" ಎಂದು ಕೇಳಿದರು ಕೊನೆಗೆ.

"ಇತ್ತು."

"ಬ್ರೆಡ್ಡು ತಿಂದಿ."

"ತಿಂದೆ."

ಚೂರಿ ಕೆಳಗಿಟ್ಟರು. "ಕಾಲಿಗೆ ನೀನು ಕಾರಣ ಅಂತ ನಾನು ಹೇಳುವುದಿಲ್ಲ. ಗಾಜು ತುಳಿದದ್ದು ನಾನು. ಆದರೆ ಒಂದು ಮಾತು ಕೇಳು. ಆಸ್ಪತ್ರೆಯಲ್ಲಿ ಬಿದ್ದುಕೊಂಡಿದ್ದಾಗ ಒಂದೇ ಸಮಾಧಾನ ಇತ್ತು ನನಗೆ, ಆ ಹೆಂಗಸಿಗೆ ಸೀಟು ಕೊಟ್ಟೆನಲ್ಲ ಅಂತ. ಈಗ ನೋಡಿದ್ರೆ, ಕೊಟ್ಟದ್ದು ನಾನಾ, ಅಲ್ಲ ಜೇಬಿನಲ್ಲಿದ್ದ ಆ ಬಟ್ಟೆಯ ಧೈರ್ಯವಾ? ಅದು ಇಲ್ಲದಿದ್ರೂ ಕೊಡ್ತಿದ್ದೆನೋ ಏನೋ. ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ಅದೊಂದನ್ನು ನೀನು ತಕ್ಕೊಂಡಿ, ರೋಹಿ."

ರೋಹಿದಾಸನ ಹನ್ನೊಂದು ವರ್ಷದಲ್ಲಿ ಮೊದಲ ಸಲ ಸಹಿಯಿಲ್ಲದೆ ಹೊರಗೆ ಹೋದ ವಸ್ತು ಅದು, ಮತ್ತು ತಕ್ಕೊಂಡು ಹೋದವನು ಅವನೇ. ಅವನು ನೆಲದ ಮೇಲೆ ಕೂತ.

ಪಾಯಸರು ಅನ್ನಕ್ಕೆ ನೀರು ಒಲೆಗೆ ಇಟ್ಟರು. "ಐದು ಶುಕ್ರವಾರ ಹೇಳಿದ್ದೆಲ್ಲ ಪೋಸ್ಟ್‌ಕಾರ್ಡಾ?"

"ಹೌದು."

"ನಿಜವಾಗಿ ಎಂತ ಕಂಡಿ ಹಾಗಾದ್ರೆ?"

"ಏನೂ ಕಾಣಲಿಲ್ಲ."

"ಹೊರಗಿಂದ?"

"ಕಪ್ಪು," ಎಂದ ರೋಹಿದಾಸ ಯೋಚಿಸಿ. "ಪೋಸ್ಟ್‌ಕಾರ್ಡಿನಲ್ಲಿ ಪೆಟ್ಟಿಗೆಗೆ ಬಂಗಾರದ ಬಣ್ಣ. ಇಗರ್ಜಿಯ ಗೋಡೆ ಕಪ್ಪು, ಹಳೆ ಹೊಗೆಯ ಮಸಿ. ಈಗ ನಮ್ಮ ಬಿಲ್ಡಿಂಗ್ ಉಂಟಲ್ಲ, ಹಾಗೆ."

ಪಾಯಸರು ಕಿಟಕಿಯ ಕಡೆ ನೋಡಿದರು. ಹೊರಗೆ ಹಗಲು ಎರಡೂವರೆಗೆ ಬೀದಿ ದೀಪ ಉರಿಯುತ್ತಿತ್ತು.

"ಒಳಗೆ?"

"ಒಳಗೆ... ನೆಲ ತಣ್ಣಗಿತ್ತು."

"ಎಷ್ಟು?"

"ಕಾಲುಚೀಲದಲ್ಲಿ ತೂತು ಇತ್ತು, ಹೆಬ್ಬೆರಳಿನಿಂದ ಗೊತ್ತಾಯ್ತು. ಬಾವಿಕಟ್ಟೆಯ ಕಲ್ಲಿನ ಹಾಗೆ ಅಲ್ಲ, ಅದು ಮೇಲೆ ಮಾತ್ರ ತಂಪು. ಇದು ಕೆಳಗಿಂದ ಬರ್ತಿತ್ತು. ಮೊದಲು ಬೆರಳು, ಆಮೇಲೆ ಹಿಮ್ಮಡಿ. ಕಲ್ಲು ಸಮ ಇರಲಿಲ್ಲ, ಜನ ನಡೆದು ನಡೆದು ನಡುವೆ ಸ್ವಲ್ಪ ತಗ್ಗಿತ್ತು. ಆ ತಗ್ಗಿನಲ್ಲಿ ಪಾದ ಕೂತುಬಿಡ್ತಿತ್ತು."

ಪಾಯಸರು ಕಣ್ಣು ಮುಚ್ಚಿಕೊಂಡಿದ್ದರು. ಅವರ ಕೈ ಮೊಣಕಾಲಿನ ಕೆಳಗೆ, ಏನೂ ಇಲ್ಲದ ಜಾಗದ ಅಂಚಿನಲ್ಲಿ ಇತ್ತು.

"ಅದು ಈಗಲೂ ಉರೀತದೆ ಮಾರಾಯ," ಎಂದರು. "ಇಲ್ಲದ ಕಾಲು. ಒಲೆಗೆ ಇಟ್ಟ ಹಾಗೆ ಉರೀತದೆ. ಡಾಕ್ಟ್ರು ಹೇಳಿದ್ರು, ಅದಕ್ಕೆ ಮದ್ದಿಲ್ಲ ಅಂತ. ಇನ್ನೊಮ್ಮೆ ಹೇಳು. ಬೆರಳಿಂದ ಹೇಳು."

ರೋಹಿದಾಸ ಮತ್ತೆ ಹೇಳಿದ. ಬೆರಳು, ಹಿಮ್ಮಡಿ, ತಗ್ಗು. ಮುಗಿದಾಗ ಮತ್ತೇನಾದರೂ ಕೊಡಬೇಕೆನಿಸಿತು. ಕೊಡಲು ಒಂಬತ್ತೇ ನಿಮಿಷ ಇತ್ತು, ಅದೂ ಅಂಗಾಲಿನಷ್ಟು. ಮೇಲೆ ಒಮ್ಮೆ ನೋಡಿದ್ದರೆ! "ಆಗ ಬಣ್ಣದ ಗಾಜಿನಿಂದ ಬಿಸಿಲು ಬಂದು ನನ್ನ ಕಾಲಿನ ಮೇಲೆ..." ಎಂದು ಶುರುಮಾಡಿದ.

"ಬಿದ್ದಿತ್ತಾ? ಕಾಲಿನ ಮೇಲೆ?"

ರೋಹಿದಾಸ ತನ್ನ ಕಾಲಿನ ಕಡೆ ನೋಡಿದ. "ಇಲ್ಲ. ನೆಲದ ಮೇಲೆ. ಸ್ವಲ್ಪ ದೂರ."

"ದೂರವೇ ಇರಲಿ," ಎಂದರು ಪಾಯಸರು. "ಸೇರಿಸಬೇಡ."

ಅನ್ನ ಬೆಂದ ಮೇಲೆ ರೋಹಿದಾಸ ಹೊರಗೆ ಬಂದಾಗ ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯ ಮೇಲೆ ತೆಳ್ಳಗೆ ಮಸಿ ಕೂತಿತ್ತು. ಅಷ್ಟು ಹೊತ್ತು ಅದರ ನೆನಪೇ ಬಂದಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಕೊಲೋನಿನಲ್ಲಿ ಬರಬೇಕಿದ್ದ ಮರೆವು, ಒಂದು ವರ್ಷ ತಡವಾಗಿ.